ಮನೆಯ ಸ್ಮಾರ್ಟ್ ಸ್ಪೀಕರ್ ನಮ್ಮ ಮಾತೆಲ್ಲ ಕದ್ದು ಕೇಳುತ್ತಾ?

ಪ್ರಶ್ನೆ: "ಸರ್, ಮೊನ್ನೆ ರಾತ್ರಿ ಊಟದ ಹೊತ್ತಿಗೆ ಹೊಸ ವೆಟ್ ಗ್ರೈಂಡರ್ ತಗೋಬೇಕು ಅಂತ ಮಾತಾಡಿಕೊಂಡೆವು. ಯಾರೂ ಫೋನ್ ಮುಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಫೋನ್ ತುಂಬ ಗ್ರೈಂಡರ್ ಜಾಹೀರಾತು. ಹಾಲ್‌ನಲ್ಲಿ ಸ್ಮಾರ್ಟ್ ಸ್ಪೀಕರ್ ಇದೆ. ಅದು ನಮ್ಮ ಮಾತನ್ನೆಲ್ಲ ಕೇಳಿ ಕಂಪನಿಗೆ ಹೇಳುತ್ತಾ? ಎಸೆದುಬಿಡಲಾ?"

ಗ್ರೈಂಡರ್ ಅಂತ ಇರುವ ಜಾಗದಲ್ಲಿ ಮಿಕ್ಸಿ, ಮಗಳ ಮದುವೆ, ಗೋವಾ ಪ್ರವಾಸ, ಏನು ಬೇಕಾದರೂ ಹಾಕಿಕೊಳ್ಳಿ. ಪ್ರಶ್ನೆ ಅದೇ. ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದ ಎಲೆಯವರು ಇದನ್ನೇ ಕೇಳಿದರು. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಉತ್ತರ ಮುಗಿಸಬೇಕಾಯಿತು. ಅವರು ನಂಬಲಿಲ್ಲ. ಇಲ್ಲಿ ಆ ಆತುರವಿಲ್ಲ, ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಎಸೆಯಬೇಡಿ. ಸ್ಪೀಕರ್ ಕೇಳುತ್ತದೆ, ಅದು ನಿಜ. ಆದರೆ ಕೇಳುವುದೇ ಬೇರೆ, ಕಳಿಸುವುದೇ ಬೇರೆ.

ಬಸ್ಸಿನಲ್ಲಿ ತೂಕಡಿಸುತ್ತಾ ಕೂತವರನ್ನು ನೋಡಿದ್ದೀರಲ್ಲ. ಕಂಡಕ್ಟರ್ ಹತ್ತು ಸ್ಟಾಪಿನ ಹೆಸರು ಕೂಗುತ್ತಾನೆ. ಒಂದೂ ಇವರ ತಲೆಗೆ ಹೋಗುವುದಿಲ್ಲ. ತಮ್ಮ ಸ್ಟಾಪಿನ ಹೆಸರು ಬಿತ್ತೋ, ತಟ್ಟನೆ ಎದ್ದು ಚೀಲ ಹುಡುಕುತ್ತಾರೆ. ಸ್ಪೀಕರ್ ಒಳಗಿನ ಚಿಪ್ ಮಾಡುವುದೂ ಅಷ್ಟೇ. ಕೊನೆಯ ಕೆಲವು ಸೆಕೆಂಡಿನ ಶಬ್ದವನ್ನು ಮಾತ್ರ ಇಟ್ಟುಕೊಂಡು, ಅದರಲ್ಲಿ "ಅಲೆಕ್ಸಾ" ಅಥವಾ "ಓಕೆ ಗೂಗಲ್" ಅಂತ ತನ್ನನ್ನು ಕರೆಯುವ ಹೆಸರು ಇದೆಯಾ ಅಂತ ನೋಡುತ್ತದೆ. ಇಲ್ಲ ಅಂದರೆ ಅದರ ಮೇಲೇ ಮುಂದಿನ ಶಬ್ದ ಬರೆಯುತ್ತದೆ, ಸ್ಲೇಟು ಒರೆಸಿ ಬರೆದ ಹಾಗೆ. ಇಷ್ಟು ಕೆಲಸ ಡಬ್ಬಿಯೊಳಗೇ ನಡೆಯುತ್ತದೆ. ಹೆಸರು ಸಿಕ್ಕಿದ ಮೇಲಷ್ಟೇ ದೀಪ ಹೊತ್ತಿಕೊಂಡು, ಅಲ್ಲಿಂದಾಚೆಗಿನ ಮಾತು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗುತ್ತದೆ.

"ಅದು ಕಂಪನಿ ಹೇಳೋ ಕಥೆ ಸಾರ್" ಅಂತೀರಿ. ಸರಿ, ಲೆಕ್ಕ ಹಾಕೋಣ. ಮಾತನ್ನು ಚೆನ್ನಾಗಿ ಕುಗ್ಗಿಸಿ, ಸೆಕೆಂಡಿಗೆ 24 ಕಿಲೋಬಿಟ್‌ನಂತೆ ಕಳಿಸಿದರೂ ಗಂಟೆಗೆ ಸುಮಾರು 11 ಎಂಬಿ ಆಗುತ್ತದೆ. ದಿನಕ್ಕೆ 260 ಎಂಬಿ. ತಿಂಗಳಿಗೆ ಎಂಟು ಜಿಬಿ ಹತ್ತಿರ. ಇಷ್ಟು ಡೇಟಾ ಯಾರ ಕಣ್ಣಿಗೂ ಬೀಳದೆ ಮನೆಯಿಂದ ಆಚೆ ಹೋಗಲು ಸಾಧ್ಯವಿಲ್ಲ. ಎಷ್ಟೋ ರೌಟರ್‌ಗಳ ಆ್ಯಪಿನಲ್ಲಿ ಯಾವ ಸಾಧನ ಎಷ್ಟು ಡೇಟಾ ಕಳಿಸಿತು ಅಂತ ಕಾಣಿಸುತ್ತದೆ. ನಾನು ನೋಡಿದ್ದೇನೆ. ನೆಂಟರು ಬಂದು ಮನೆಯೆಲ್ಲ ಗದ್ದಲವಿದ್ದ ಸಂಜೆ, ಬೀಗ ಹಾಕಿಕೊಂಡು ಊರಿಗೆ ಹೋಗಿದ್ದ ಸಂಜೆ, ಎರಡರಲ್ಲೂ ಸ್ಪೀಕರ್ ಕಳಿಸಿದ್ದು ಹೆಚ್ಚೂಕಮ್ಮಿ ಅಷ್ಟಷ್ಟೇ. ಹಾಡು ಹಾಕಿಸಿದ ದಿನ ಮಾತ್ರ ಜಾಸ್ತಿ ಡೇಟಾ ಓಡಾಡಿತ್ತು, ಅದೂ ಒಳಕ್ಕೆ ಬಂದದ್ದು.

ನನ್ನನ್ನೂ ನಂಬಬೇಡಿ. ಸ್ಪೀಕರ್ ಅಲ್ಲದಿದ್ದರೆ ಫೋನೇ ಕೇಳುತ್ತಿರಬಹುದು ಅಂತೀರಾ? ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದರು. ಕದ್ದು ಮೈಕ್ ಆನ್ ಮಾಡಿ ಮಾತು ಕಳಿಸುವ ಆ್ಯಪ್ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು ಥರದ ಕಳ್ಳತನ: ಕೆಲವು ಆ್ಯಪ್‌ಗಳು ಪರದೆಯ ಚಿತ್ರ, ವಿಡಿಯೋ ತೆಗೆದು ಆಚೆಗೆ ಕಳಿಸುತ್ತಿದ್ದವು. ನಾವೆಲ್ಲ ಕಿವಿಯನ್ನು ಕಾಯುತ್ತಾ ಕೂತಿದ್ದೇವೆ, ಅಲ್ಲಿ ಕಣ್ಣು ಕೆಲಸ ಮಾಡುತ್ತಿತ್ತು.

"ಹಾಗಾದರೆ ಗ್ರೈಂಡರ್?" ಇಷ್ಟು ಹೇಳಿದ ಮೇಲೂ ಈ ಪ್ರಶ್ನೆ ಬಂದೇ ಬರುತ್ತದೆ. "ನಮ್ಮನೆಯಲ್ಲೇ ಆಯ್ತಲ್ಲ ಸಾರ್, ಕಣ್ಣಾರೆ ನೋಡಿದ್ದೀವಿ!"

ಈ ಸಲ ನಾನೂ ಸುಮ್ಮನಿರಲಿಲ್ಲ, ಗ್ರೈಂಡರ್ ಪ್ರಶ್ನೆ ಕಳಿಸಿದವರನ್ನೇ ತಿರುಗಿ ಕೇಳಿದೆ. ಅಲ್ಲ ಸ್ವಾಮಿ, ಇದ್ದಕ್ಕಿದ್ದಂತೆ ಊಟದ ಹೊತ್ತಿಗೆ ಗ್ರೈಂಡರ್ ಮಾತು ಯಾಕೆ ಬಂತು? ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. ಮಧ್ಯಾಹ್ನ ಅವರ ಬಾವ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ಲಿಂಕ್ ಹಾಕಿದ್ದರಂತೆ. ಎರಡು ಲೀಟರ್ ಟೇಬಲ್ ಟಾಪ್ ಗ್ರೈಂಡರ್, "ಒಳ್ಳೆ ಆಫರ್ ಇದೆ, ಇವತ್ತೇ ಕೊನೆ" ಅಂತ. ಮನೆಯವರು ಅದನ್ನು ಒತ್ತಿ ನೋಡಿದ್ದರು. ಕಲ್ಲು ಎಷ್ಟು ದೊಡ್ಡದು ಅಂತ ಚಿತ್ರ ಹಿಗ್ಗಿಸಿಯೂ ನೋಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು ಬಂತು.

ಅಲ್ಲಿಗೆ ಮುಗಿಯಿತಲ್ವಾ? ರಾತ್ರಿ ಯಾರೂ ಫೋನ್ ಮುಟ್ಟಿರಲಿಲ್ಲ, ಸರಿ. ಮಧ್ಯಾಹ್ನ ಮುಟ್ಟಿದ್ದರು! ಒಂದು ವೈಫೈ ಹಿಡಿದ ಫೋನ್‌ಗಳೆಲ್ಲ ಹೊರಗಿನವರಿಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಲ್ಲಿ, ಅಂದರೆ ಇಂಟರ್ನೆಟ್‌ನಲ್ಲಿನ ಒಂದೇ ಮನೆ ನಂಬರಿನಲ್ಲಿ, ಕಾಣುತ್ತವೆ. ಮನೆಯಾಕೆ ಗ್ರೈಂಡರ್ ನೋಡಿದರೆ ಅದರ ಜಾಹೀರಾತು ಗಂಡನ ಫೋನಿಗೂ ಬರಬಹುದು. ಅವರೋ, ಮಾತಾಡಿದ್ದು ಮೊದಲು, ಜಾಹೀರಾತು ಆಮೇಲೆ ಅಂತ ಲೆಕ್ಕ ಹಾಕಿದ್ದರು. ಅದಕ್ಕೂ ಮೊದಲು ಲಿಂಕ್ ಒತ್ತಿದ್ದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇನ್ನು, ಮಾತಾಡಿದ ಮೇಲೂ ಜಾಹೀರಾತು ಬರದ ವಿಷಯಗಳಿಗೆ ಲೆಕ್ಕವೇ ಇಲ್ಲ. ನಮ್ಮನೆಯಲ್ಲಿ ತಾರಸಿ ಸೋರುವ ಬಗ್ಗೆ ಮೂರು ಮಳೆಗಾಲದಿಂದ ಜಗಳ ನಡೆದಿದೆ. ಒಂದೇ ಒಂದು ವಾಟರ್‌ಪ್ರೂಫಿಂಗ್ ಜಾಹೀರಾತು ಬಂದಿಲ್ಲ. ಬಂದಿದ್ದರೆ ನನಗೇ ಉಪಕಾರವಾಗುತ್ತಿತ್ತು.

ಹಾಗಂತ ಸ್ಪೀಕರ್ ಸಾಧು ಪ್ರಾಣಿ ಅಂತ ನಾನು ಹೇಳುತ್ತಿಲ್ಲ. ಅದರ ತೊಂದರೆಗಳು ಬೇರೆ. ಮೊದಲನೆಯದು ಕಿವುಡುತನ. ಕರೆಯದಿದ್ದರೂ ಕರೆದರು ಅಂತ ಎದ್ದುಬಿಡುತ್ತದೆ. ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇಂಥ ತಪ್ಪು ಪದಗಳನ್ನು ಹುಡುಕಿದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. "ಎಲೆಕ್ಷನ್" ಅಂದರೆ ಅಲೆಕ್ಸಾ ಎದ್ದಿತು, "ಓಕೆ ಕೂಲ್" ಅಂದರೆ ಗೂಗಲ್ ಎದ್ದಿತು. ಚುನಾವಣೆ ಕಾಲದಲ್ಲಿ ನಮ್ಮ ಟಿವಿ ಚಾನೆಲ್‌ಗಳನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ಅಲೇಖ್ಯ ಅಂತ ಮಗು ಇದ್ದರಂತೂ ಮೊದಲು ಕರೆಯುವ ಹೆಸರನ್ನು ಬದಲಾಯಿಸಿಕೊಳ್ಳಿ. "ಎಕೋ", "ಕಂಪ್ಯೂಟರ್" ಅಂತೆಲ್ಲ ಇಟ್ಟುಕೊಳ್ಳಬಹುದು.

ಎರಡನೆಯದು, ಹಾಗೆ ಎದ್ದಾಗ ಹೋದ ಮಾತು ಎಲ್ಲಿ ಸೇರುತ್ತದೆ ಅನ್ನುವುದು. ಅಮೆಜಾನ್, ಗೂಗಲ್, ಆಪಲ್ ಮೂರೂ ಕಡೆ ಇಂಥ ಕೆಲವು ತುಣುಕುಗಳನ್ನು ಮನುಷ್ಯರೇ ಕೂತು ಕೇಳುತ್ತಿದ್ದರು ಅಂತ 2019ರಲ್ಲಿ ಪತ್ರಿಕೆಗಳಲ್ಲಿ ಬಂತು. ಮಕ್ಕಳ ಧ್ವನಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿತು ಎಂಬ ದೂರಿನಲ್ಲಿ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಐಫೋನಿನ ಧ್ವನಿ ಸಹಾಯಕಿ ಸಿರಿ ತಾನಾಗಿ ಎದ್ದು ಮಾತು ಕೇಳಿಸಿಕೊಂಡ ಪ್ರಕರಣದಲ್ಲಿ ಆಪಲ್, ತಪ್ಪು ಒಪ್ಪಿಕೊಳ್ಳದೆ, 9.5 ಕೋಟಿ ಡಾಲರ್ ಕೊಟ್ಟು ರಾಜಿಯಾಗುವುದಾಗಿ 2025ರ ಆರಂಭದಲ್ಲಿ ಗೊತ್ತಾಯಿತು. ಆ ಸುದ್ದಿ ಬಂದ ದಿನ ನನಗೆ ಬಂದ ಮೆಸೇಜುಗಳಲ್ಲಿ "ನೋಡಿದ್ರಾ, ನಾವು ಹೇಳಿರಲಿಲ್ವಾ" ಎಂಬ ಧಾಟಿಯವೇ ಜಾಸ್ತಿ. ಆ ಮೊಕದ್ದಮೆಯ ತಿರುಳು ಆಕಸ್ಮಿಕವಾಗಿ ಎದ್ದುಕೊಳ್ಳುವುದು. ಹಗಲು ರಾತ್ರಿ ಕದ್ದು ಕೇಳುತ್ತದೆ ಅಂತ ಅದರಲ್ಲಿ ಸಾಬೀತಾಗಲಿಲ್ಲ. ಅದನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ.

ಮೂರನೆಯದು, ಹೆಸರು ಕರೆದು ನೀವೇ "ಗ್ರೈಂಡರ್ ಬೆಲೆ ಎಷ್ಟು?" ಅಂತ ಕೇಳಿದರೆ, ಅದು ಫೋನಿನಲ್ಲಿ ಟೈಪ್ ಮಾಡಿ ಹುಡುಕಿದ್ದಕ್ಕೆ ಸಮ. ಅದರ ಮೇಲೆ ಜಾಹೀರಾತು ಬರಬಹುದು.

ಭಯವಿದ್ದರೆ ಸ್ಪೀಕರ್‌ನ ಆ್ಯಪ್ ತೆರೆದು ವಾಯ್ಸ್ ಹಿಸ್ಟರಿ ನೋಡಿ. ಕಂಪನಿ ಉಳಿಸಿಕೊಂಡ ತುಣುಕುಗಳು ತಾರೀಕಿನ ಸಮೇತ ಸಾಲಾಗಿ ಇರುತ್ತವೆ. ಕೇಳಬಹುದು, ಅಳಿಸಬಹುದು, ಅಳಿಸುವ ಅವಧಿಯನ್ನೂ ಗೊತ್ತು ಮಾಡಬಹುದು. ನಮ್ಮನೆಯದರಲ್ಲಿ ಒಂದು ನಾಲ್ಕು ಸೆಕೆಂಡಿನ ತುಣುಕಿತ್ತು. ಕುಕ್ಕರ್ ಸೀಟಿ, ಅದರ ಹಿಂದೆ ಅಮ್ಮನ ದನಿ: "ಒಗ್ಗರಣೆಗೆ ಇಂಗು ಹಾಕಿದ್ಯೇನೇ?" ಅಷ್ಟೇ. ಅಳಿಸಲು ಮನಸ್ಸು ಬರಲಿಲ್ಲ. ಯಾರಾದರೂ ಹಣಕಾಸಿನ ಮಾತಿಗೆ ಬಂದರೆ ಮೈಕ್ ಬಂದ್ ಮಾಡುವ ಗುಂಡಿ ಒತ್ತಿ.

ಬಾವ ಕಳಿಸಿದ ಲಿಂಕ್ ಬಗ್ಗೆ ಯಾರೂ ಕೇಳಲೇ ಇಲ್ಲ, ಆದರೂ ಹೇಳುತ್ತೇನೆ. ಅಂಥ ಎಷ್ಟೋ ಲಿಂಕ್‌ಗಳು ಅಫಿಲಿಯೇಟ್ ಲಿಂಕ್, ಅಂದರೆ ಅದನ್ನು ಒತ್ತಿ ಕೊಂಡರೆ ಲಿಂಕ್ ಹಾಕಿದವರಿಗೆ ಕಮಿಷನ್. ಅಮೆಜಾನ್ ಇದನ್ನು 1996ರಿಂದ ನಡೆಸುತ್ತಿದೆ. ಉದ್ದ ಲಿಂಕಿನಲ್ಲಿ "ಟ್ಯಾಗ್" ಎಂಬ ಪದ, ಅದರ ಮುಂದೆ ಯಾರದೋ ಗುರುತು, ಕೊನೆಗೆ 21 ಅಂತ ಇದ್ದರೆ ಅದೇ ಅದು. ಗಿಡ್ಡ ಮಾಡಿದ ಲಿಂಕಿನಲ್ಲಿ ಇದು ಕಾಣುವುದಿಲ್ಲ. ನಿಮಗೆ ಬೆಲೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಕಮಿಷನ್ ಕೊಡುವುದು ಅಂಗಡಿ. ಬೆಲೆ ಏರಿಸಿ ಬಾವ ದುಡ್ಡು ಹೊಡೆಯುತ್ತಾರೆ ಎಂಬ ಅನುಮಾನ ಬಿಟ್ಟುಬಿಡಿ. ಕಮಿಷನ್ ಬರುವ ಲಿಂಕಾದರೆ ಹಾಗಂತ ಹೇಳಿ ಹಾಕಬೇಕು ಅಷ್ಟೇ. ಜಾಹೀರಾತು ಮಾನದಂಡ ನೋಡುವ ಎಎಸ್‌ಸಿಐ ಇನ್‌ಫ್ಲುಯೆನ್ಸರ್‌ಗಳಿಗೆ 2021ರಲ್ಲೇ ಹೀಗೆ ನಿಯಮ ಮಾಡಿದೆ. ಬಾವನಿಗೆ ಆ ನಿಯಮ ತಾಗದು, ಮರ್ಯಾದೆ ತಾಗುತ್ತದೆ.

ಇನ್ನೊಂದಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಲಿಂಕ್ ಒತ್ತಿದ ಮೇಲೆ 24 ಗಂಟೆಯೊಳಗೆ ಅದೇ ಅಂಗಡಿಯಲ್ಲಿ ಬೇರೇನು ಕೊಂಡರೂ ಸಾಮಾನ್ಯವಾಗಿ ಲಿಂಕ್ ಹಾಕಿದವರ ಲೆಕ್ಕಕ್ಕೇ ಹೋಗುತ್ತದೆ. ಅವರಿಗೆ ಬರುವ ವರದಿಯಲ್ಲಿ ಯಾರು ಕೊಂಡರು ಅಂತ ಇರುವುದಿಲ್ಲ, ಏನು ಕೊಂಡರು ಅಂತ ಇರುತ್ತದೆ. ಸಾವಿರಾರು ಜನ ಒತ್ತುವ ಲಿಂಕಿನಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಫ್ಯಾಮಿಲಿ ಗ್ರೂಪಿನಲ್ಲಿ ಇರುವುದು ಹನ್ನೆರಡು ಜನ. ವರದಿಯಲ್ಲಿ ಗ್ರೈಂಡರ್ ಒಂದು, ಅದರ ಕೆಳಗೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣ ಎರಡು ಪ್ಯಾಕೆಟ್. ನಮ್ಮ ಗ್ರೂಪಿನಲ್ಲಾಗಿದ್ದರೆ, ಹೆಸರು ಇಲ್ಲದಿದ್ದರೂ ಅದು ಯಾವ ಚಿಕ್ಕಪ್ಪ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು.