ಗೇರು ಎಣಿಸಬೇಡಿ, ಟೈರು ನೋಡಿ

ಎರಡನೆಯ ಸೈಕಲ್ ಕೊಳ್ಳಲು ನನ್ನ ಅಂಗಡಿಗೆ ಬರುವವರ ಮೊದಲ ಪ್ರಶ್ನೆ ‘ಎಷ್ಟು ಗೇರು?’ ಎಂಬುದೇ. ಏಳೋ ಇಪ್ಪತ್ತೊಂದೋ, ಹೇಳಿದ ಮೇಲೆ ‘ಶಾಕಪ್ ಇದೆಯೇ?’ ಎನ್ನುತ್ತಾರೆ, ಅಂದರೆ ಕುಲುಕು ತಡೆಯುವ ಸ್ಪ್ರಿಂಗು. ಟೈರಿನ ಸುದ್ದಿ ಎತ್ತುವವರು ಅಪರೂಪ. ಹೀಗೆ ಕೊಂಡ ಎರಡನೆಯ ಸೈಕಲ್ ಬಹುತೇಕ ಮೊದಲನೆಯದರ ತದ್ರೂಪವೇ ಆಗಿರುತ್ತದೆ, ಬೆಲೆ ಮತ್ತು ಬಣ್ಣ ಮಾತ್ರ ಬೇರೆ. ವರ್ಷ ಕಳೆಯುವುದರೊಳಗೆ ಮೂರನೆಯದರ ವಿಚಾರಣೆ ಶುರು.

ಮನೆಯಲ್ಲಿ ಎರಡು ಮೂರು ಸೈಕಲ್ ಇಡುವುದು ದುಂದುಗಾರಿಕೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಹೊಟ್ಟೆಗೇ ಹೊಡೆತ! ಕಲಬುರಗಿಯಲ್ಲಿ ಅದಕ್ಕೆ ಕಾರಣವೂ ಇದೆ. ಹುಮನಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಡಾಂಬರು, ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಗಳ ಗುಂಡಿ, ಊರು ದಾಟಿದ ಕೂಡಲೇ ಸಿಗುವ ತೊಗರಿ ಹೊಲದ ಬಂಡಿ ದಾರಿ, ಇವು ಮೂರಕ್ಕೂ ಒಂದೇ ಸೈಕಲ್ ಸಮನಾಗಿ ಒಗ್ಗುವುದಿಲ್ಲ. (ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿಗೆ ಮಾತ್ರ ಯಾವ ಸೈಕಲ್ಲೂ ಬೇಡ. ಮಣ್ಣು ಮಡ್‌ಗಾರ್ಡಿನೊಳಗೆ ಕಚ್ಚಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಆಮೇಲೆ ನೀವು ಸೈಕಲ್ಲನ್ನು ಹೊತ್ತುಕೊಂಡು ಬರಬೇಕು.) ನನ್ನ ತಕರಾರು ಇಷ್ಟೇ: ಸೈಕಲ್‌ಗಳು ಬೇರೆಯಾಗುವುದು ಮೊದಲು ಟೈರಿನಲ್ಲಿ, ಅದರೊಳಗಿನ ಗಾಳಿಯಲ್ಲಿ. ಉಳಿದದ್ದು ಆಮೇಲೆ.

ನಿಮ್ಮ ಭಾರ ಹೊರುವುದು ರಬ್ಬರಲ್ಲ, ಗಾಳಿ. ನೆಲಕ್ಕೆ ತಾಗುವ ಟೈರಿನ ಭಾಗ ಎಷ್ಟು ದೊಡ್ಡದು, ಒಳಗಿನ ಒತ್ತಡ ಎಷ್ಟು, ಇವೆರಡೂ ಸೇರಿ ನಿಮ್ಮನ್ನು ಎತ್ತಿ ಹಿಡಿಯುತ್ತವೆ. ಎರಡು ಇಂಚಿನ ದಪ್ಪ ಟೈರಿಗೆ ಸಾಮಾನ್ಯ ಮೈಕಟ್ಟಿನವರಿಗೆ ಮೂವತ್ತೈದು ನಲವತ್ತು ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಸಾಕು. 28 ಮಿ.ಮೀ. ಸಣ್ಣ ಟೈರಿಗೆ ಎಂಬತ್ತರ ಆಸುಪಾಸು ಬೇಕು. ಇವು ಅಂದಾಜು ಮಾತ್ರ. ನಿಮ್ಮ ತೂಕಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿ, ಟೈರಿನ ಬದಿಯಲ್ಲಿ ಅಚ್ಚಾದ ಮಿತಿಯನ್ನು ಮಾತ್ರ ಮೀರಬೇಡಿ. ದಪ್ಪ ಟೈರಿಗೆ ಕಲ್ಲಿನಂತೆ ಗಾಳಿ ಹೊಡೆದು ಹೊಲದ ದಾರಿಗಿಳಿದರೆ ಪ್ರತಿ ಹರಳಿಗೂ ಸೈಕಲ್ ಪುಟಿಯುತ್ತದೆ, ತುಳಿದ ಶಕ್ತಿ ಪುಟಿತಕ್ಕೇ ಹೋಗುತ್ತದೆ. ಅದೇ ಟೈರನ್ನು ಅರೆಗಾಳಿಯಲ್ಲಿ ಹೆದ್ದಾರಿಗೆ ಒಯ್ದರೆ ಅದು ಮಡಚುತ್ತಾ ಬಿಚ್ಚುತ್ತಾ ಕಾಲು ಸೋಲಿಸುತ್ತದೆ. ಆಗ ನೀವು ಬಂದು ‘ಸೈಕಲ್ ಭಾರ, ಗೇರು ಸಾಲದು’ ಎನ್ನುತ್ತೀರಿ. ಗೇರು ಏನು ಮಾಡೀತು ಪಾಪ?

ಒಬ್ಬ ಕಾಲೇಜು ಮೇಷ್ಟ್ರು ನನ್ನ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಅವರ ಮನೆಯಲ್ಲಿ ಮೂರು ಸೈಕಲ್. ಭಾನುವಾರ ಸಣ್ಣ ಟೈರಿನದನ್ನು ತೆಗೆದುಕೊಂಡು ಸೇಡಂ ರಸ್ತೆಯಲ್ಲಿ ಬುದ್ಧ ವಿಹಾರ ದಾಟಿ ಹೋಗುತ್ತಾರೆ, ಮನಸ್ಸು ಬಂದರೆ ಮಳಖೇಡದವರೆಗೂ. ಒಮ್ಮೆ ಪಂಕ್ಚರ್ ಆದ ಟ್ಯೂಬು ಹಿಡಿದು ಬಂದರು. ‘ಕಾಕಾ, ರಸ್ತೆ ತುಂಬ ಜಾಲಿ ಮುಳ್ಳು. ಮುಳ್ಳು ಹೊಗದಂಥ ನಾಲ್ಕನೆಯ ಸೈಕಲ್ ಇದ್ದರೆ ತೋರಿಸಿ’ ಎಂದರು. ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬೋಗುಣಿಯಲ್ಲಿ ಅದ್ದಿದೆ. ಗುಳ್ಳೆ ಎದ್ದದ್ದು ಎರಡು ಕಡೆ, ಅಕ್ಕಪಕ್ಕ, ಬೆರಳಗಲದ ಅಂತರದಲ್ಲಿ. ಮುಳ್ಳು ಚುಚ್ಚಿದರೆ ಒಂದೇ ತೂತು ಬೀಳುತ್ತದೆ. ಟೈರಿನ ಒಳಮೈಗೆ ಹತ್ತಿ ಸವರಿದರೆ ಮುಳ್ಳಿನ ಮೊನೆ ಎಳೆ ಹಿಡಿದು ಸಿಕ್ಕಿಬೀಳುತ್ತದೆ. ಇಲ್ಲಿ ಹತ್ತಿ ಸಲೀಸಾಗಿ ಸುತ್ತಿ ಬಂತು. ಗಾಳಿ ಕಡಿಮೆಯಿದ್ದ ಟೈರು ಗುಂಡಿಯ ಅಂಚಿಗೆ ಬಡಿದು, ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಕಚ್ಚಿಕೊಂಡು ಎರಡು ಕಡೆ ಹರಿದಿತ್ತು.

‘ಸರ್, ಗಾಳಿ ಎಷ್ಟು ಹೊಡೆದಿದ್ದಿರಿ?’

‘ಮೂರಕ್ಕೂ ಒಂದೇ. ಹೆಬ್ಬೆರಳಿನಲ್ಲಿ ಒತ್ತಿ ನೋಡಿದ್ದೇನೆ, ಗಟ್ಟಿಯಾಗಿಯೇ ಇತ್ತು.’

ಈ ಹೆಬ್ಬೆರಳಿನ ಪರೀಕ್ಷೆಯಿಂದ ನಾನು ಸೋತಿದ್ದೇನೆ. ಸಣ್ಣ ಟೈರು ಐವತ್ತಕ್ಕೂ ಗಟ್ಟಿ, ಎಂಬತ್ತಕ್ಕೂ ಗಟ್ಟಿ. ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೀಟರ್ ಇರುವ ಪಂಪು ಕೊಳ್ಳಿ, ನಾಲ್ಕನೆಯ ಸೈಕಲ್ಲಿಗಿಂತ ಎಷ್ಟೋ ಅಗ್ಗ. ಮೇಷ್ಟ್ರು ಅಂದು ಪಂಪು ಒಯ್ದರು, ಸ್ವಲ್ಪ ಮುಖ ಊದಿಸಿಕೊಂಡೇ.

ಬೇಸಿಗೆಯಲ್ಲಿ ಟೈರು ಒಡೆದೀತೆಂದು ಅರ್ಧ ಗಾಳಿ ಬಿಡುವವರೂ ಇದ್ದಾರೆ. ಮುಂಜಾನೆ 25 ಡಿಗ್ರಿಯಲ್ಲಿ 80 ಪಿ.ಎಸ್.ಐ. ತುಂಬಿಸಿದ ಗಾಳಿ 45 ಡಿಗ್ರಿಗೆ ಕಾದರೆ ಒತ್ತಡ ಸುಮಾರು 86 ಆಗುತ್ತದೆ, ಅಷ್ಟೇ. ಬಿಸಿಲಲ್ಲಿ ನಿಲ್ಲಿಸಿದ ಕಪ್ಪು ಟೈರು ಇನ್ನಷ್ಟು ಕಾಯುತ್ತದೆ ನಿಜ. ಆದರೆ ನನ್ನ ಕೈಗೆ ಬರುವ ಒಡೆದ ಟೈರುಗಳಲ್ಲಿ ಹೆಚ್ಚಿನವು ಮೊದಲೇ ಬದಿ ಬಿರುಕು ಬಿಟ್ಟವು. ಆ ಬಿರುಕು ಬರುವುದು ಹೇಗೆಂದರೆ, ಮೂರು ಸೈಕಲ್ ಇದ್ದವರು ಓಡಿಸುವುದು ಒಂದನ್ನೇ. ಉಳಿದೆರಡು ಅಂಗಳದ ಬಿಸಿಲಿನಲ್ಲಿ ಗಾಳಿಯಿಲ್ಲದೆ, ರಿಮ್ಮಿನ ಮೇಲೆ ಕುಳಿತಿರುತ್ತವೆ. ನೆರಳಿಗೆ ಸರಿಸಿ, ಇಲ್ಲವೇ ನೇತುಹಾಕಿ.

ನೆಹರೂ ಗಂಜಿನ ಹಮಾಲರೊಬ್ಬರು ಇದನ್ನೆಲ್ಲ ಯಾರಿಂದಲೂ ಕಲಿತಿಲ್ಲ. ಅವರದು ಹಳೆಯ ಕರಿ ಸೈಕಲ್, ಗೇರಿಲ್ಲ, ರಾಡ್ ಬ್ರೇಕು. ಕ್ಯಾರಿಯರ್ ಮೇಲೆ ಮೂಟೆ ಹೇರುವ ದಿನ ಹಿಂದಿನ ಚಕ್ರಕ್ಕೆ ಇನ್ನೊಂದಿಷ್ಟು ಗಾಳಿ ಹೊಡೆಯುತ್ತಾರೆ, ಮುಂದಿನದನ್ನು ಮುಟ್ಟುವುದಿಲ್ಲ. ಭಾರ ಎಲ್ಲಿ ಬೀಳುತ್ತದೆಂದು ಅವರಿಗೆ ಗೊತ್ತು. ಅವರಿಗೆ ಎರಡನೆಯ ಸೈಕಲ್ ಮಾರುವ ಧೈರ್ಯ ನನಗಿಲ್ಲ.

ನಿಮಗೆ ನಿಜಕ್ಕೂ ಹೆದ್ದಾರಿಯ ಓಟ ಬೇಕಿದ್ದರೆ, ಶಾಕಪ್ ಇರುವ ಸೈಕಲ್ಲನ್ನು ಬಿಟ್ಟು ಹಗುರಾದದ್ದನ್ನು ಕೊಳ್ಳಿ, ನಾನೇ ಕೊಡುತ್ತೇನೆ. ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಆದರೆ, ಇರುವ ಸೈಕಲ್ಲಿಗೆ ಮೇಲ್ಮೈಯಲ್ಲಿ ಉಬ್ಬುಗಳಿಲ್ಲದ ನುಣುಪು ಟೈರು ಹಾಕಿಸಿ ನೋಡಿ. ಹೊಲದ ದಾರಿಗೆ ಹಳೆಯದನ್ನು ಮತ್ತೆ ಏರಿಸಬಹುದು. ಮಂಡಿ ನೋವಿಗೆ ಮಾತ್ರ ನನ್ನನ್ನು ಕೇಳಬೇಡಿ. ಸೀಟು ಏರಿಸಿ ನೋಡುತ್ತೇನೆ, ಆಗಲೂ ಹೋಗದಿದ್ದರೆ ವೈದ್ಯರ ಬಳಿಗೆ.

ಟೈರು ತರಿಸುವಾಗ ‘28 ಇಂಚು’ ಎಂದಷ್ಟೇ ಹೇಳಬೇಡಿ. ಹಮಾಲರ ಕರಿ ಸೈಕಲ್ಲೂ 28, ಮೇಷ್ಟ್ರ ಸಣ್ಣ ಟೈರಿನದೂ 28. ಆದರೆ ಟೈರು ಕೂರುವ ಜಾಗದ ವ್ಯಾಸ ಮೊದಲನೆಯದಕ್ಕೆ 635 ಮಿ.ಮೀ., ಎರಡನೆಯದಕ್ಕೆ 622. ಹದಿಮೂರು ಮಿಲಿಮೀಟರ್‌ಗಾಗಿ ಎಷ್ಟು ಜನ ಹೊಸ ಟೈರು ವಾಪಸು ತಂದು ನನ್ನೊಡನೆ ಜಗಳವಾಡಿದ್ದಾರೋ! ಟೈರಿನ ಬದಿಯಲ್ಲಿ 40-635, 28-622, 50-559 ಎಂಬಂತೆ ಎರಡು ಸಂಖ್ಯೆ ಅಚ್ಚಾಗಿರುತ್ತವೆ. ಮೊದಲನೆಯದು ದಪ್ಪ, ಎರಡನೆಯದು ಆ ವ್ಯಾಸ. ಎರಡನೆಯದು ಹೊಂದಲೇಬೇಕು, ಮೊದಲನೆಯದರಲ್ಲಿ ರಿಮ್ಮು, ಬ್ರೇಕು, ಫೋರ್ಕಿನ (ಚಕ್ರ ಹಿಡಿಯುವ ಕವಲಿನ) ಸಂದು ಒಪ್ಪುವಷ್ಟು ಮಾತ್ರ ಬದಲಾವಣೆ ಸಾಧ್ಯ. ಮೊಬೈಲಿನಲ್ಲಿ ಅದರ ಫೋಟೊ ತೆಗೆದು ತನ್ನಿ. ಸೈಕಲ್ಲಿನ ಫೋಟೊ ಅಲ್ಲ, ಟೈರಿನದು.