ಸ್ಟಿಕ್ ಬಿಟ್ಟರೂ ಗುರಿ ತಿರುಗುತ್ತದೆ: ತಪ್ಪು ಆಟದ್ದೋ, ಕಂಟ್ರೋಲರಿನದೋ?

ಪ್ರಶ್ನೆ: ಕಂಪ್ಯೂಟರಿನಲ್ಲಿ 'ಜಡ್ಜ್' ಆಡುವಾಗ ಬಲ ಸ್ಟಿಕ್ ಬಿಟ್ಟರೂ ಗುರಿ ತಾನಾಗಿ ಮೇಲಕ್ಕೆ ತಿರುಗುತ್ತದೆ. ಅದೇ ಕಂಟ್ರೋಲರಿನಲ್ಲಿ ಫುಟ್‌ಬಾಲ್ ಆಡಿದರೆ ಏನೂ ತೊಂದರೆಯಿಲ್ಲ. ಹಾಗಾದರೆ ದೋಷ ಆಟದ್ದೇ ಅಲ್ಲವೇ? (ಕುಂಬಳೆಯಿಂದ)

ಉತ್ತರ: ಅಲ್ಲ, ಬಹುಮಟ್ಟಿಗೆ ಕಂಟ್ರೋಲರಿನದೇ. ಫುಟ್‌ಬಾಲ್ ಆಟದಲ್ಲಿ ಬಲ ಸ್ಟಿಕ್‌ಗೆ ಕೆಲಸ ಕಡಿಮೆ, ಹಾಗಾಗಿ ದೋಷ ಕಾಣಿಸಿಕೊಳ್ಳುವುದಿಲ್ಲ. ಫಿನ್ಲೆಂಡಿನ ಟೆನ್‌ಟನ್ಸ್ 2017ರಲ್ಲಿ ತಂದ 'ಜಡ್ಜ್' ಮೇಲಿನಿಂದ ನೋಡುತ್ತ ಆಡುವ ಟ್ವಿನ್ ಸ್ಟಿಕ್ ಶೂಟರ್. ಈಡನ್‌ಬರ್ಗ್ ಮಹಾನಗರದ ಕಾನೂನುಪಾಲಕನನ್ನು ಎಡ ಸ್ಟಿಕ್ ನಡೆಸುತ್ತದೆ, ಅವನ ಗ್ಯಾವೆಲ್ ಬಂದೂಕಿನ ದಿಕ್ಕನ್ನು ಬಲ ಸ್ಟಿಕ್ ನಿರ್ಧರಿಸುತ್ತದೆ. ಇಂಥ ಆಟಗಳಲ್ಲಿ ಸ್ಟಿಕ್ ಎಷ್ಟು ವಾಲಿದೆ ಎನ್ನುವುದಕ್ಕಿಂತ ಎತ್ತ ವಾಲಿದೆ ಎನ್ನುವುದೇ ಮುಖ್ಯ. ಅಲ್ಪಸ್ವಲ್ಪ ವಾಲಿದ್ದರೂ ಬಂದೂಕು ಪೂರ್ತಿ ಅತ್ತ ತಿರುಗಿಬಿಡುತ್ತದೆ.

ಮೊದಲು ಪರೀಕ್ಷೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಜಾಯ್ ಡಾಟ್ ಸಿಪಿಎಲ್ (joy.cpl) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಪ್ರಾಪರ್ಟೀಸ್ ತೆರೆಯಿರಿ. ಬಲ ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಒಂದೊಂದು ಸಲ ತಳ್ಳಿ ಥಟ್ಟನೆ ಬಿಡಿ. ಪರದೆಯ ಮೇಲಿನ ಎಕ್ಸ್ ರೊಟೇಶನ್, ವೈ ರೊಟೇಶನ್ ಪಟ್ಟಿಗಳು ಪ್ರತಿ ಸಲವೂ ನಡುವಿನಿಂದ ಅಷ್ಟೇ ದೂರದಲ್ಲಿ ನಿಂತರೆ ಡೆಡ್ ಝೋನ್, ಅಂದರೆ ನಡುವಿನ ಸುತ್ತ ಸ್ಟಿಕ್ ವಾಲಿದರೂ ಲೆಕ್ಕಕ್ಕೆ ಬಾರದ ಜಾಗ, ಹೆಚ್ಚಿಸಿದರೆ ಸಾಕು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಸ್ಪ್ರಿಂಗ್ ಸಡಿಲವಾಗಿದೆ. ಮುಟ್ಟದಿದ್ದರೂ ಪರದೆಯ ಪಟ್ಟಿ ನಡುಗುತ್ತಿದ್ದರೆ ಸ್ಟಿಕ್ಕಿನ ವಾಲಿಕೆ ಅಳೆಯುವ ಒಳಗಿನ ಪೊಟೆನ್ಶಿಯೋಮೀಟರಿನ ಕಾರ್ಬನ್ ಪಟ್ಟಿಗೆ ಕೊಳೆ ಹಿಡಿದಿದೆ ಅಥವಾ ಅದು ಸವೆದಿದೆ. ಪರದೆಯ ಪಟ್ಟಿಗಳು ಬೇರೆಯೇ ಹೆಸರಿನಲ್ಲಿ ಕಂಡರೆ ಕಂಟ್ರೋಲರ್ ವಿಂಡೋಸ್ ಜೊತೆ ಮಾತಾಡುವ ಹಳೆಯ ವಿಧಾನವಾದ ಡೈರೆಕ್ಟ್‌ಇನ್‌ಪುಟ್ ಮೋಡ್‌ನಲ್ಲಿರಬಹುದು; ಹೊಸದಾದ ಎಕ್ಸ್‌ಇನ್‌ಪುಟ್‌ಗೆ ಬದಲಿಸಿ.

ಡೆಡ್ ಝೋನ್ ಹೆಚ್ಚಿಸಲು, ಆಟ ಕೊಂಡು ಆಡುವ ಸ್ಟೀಮ್ ಆ್ಯಪ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ ಸ್ಟೀಮ್ ಇನ್‌ಪುಟ್ ಆನ್ ಮಾಡಿ, ಲೇಔಟಿನಲ್ಲಿ ಬಲ ಜಾಯ್‌ಸ್ಟಿಕ್ ಆರಿಸಿ. ಶೇ 10ರಿಂದ ಏರಿಸುತ್ತಾ ಗುರಿ ನಿಂತ ಕಡೆ ನಿಲ್ಲಿಸಿ. ಶೇ 25 ಆದರೂ ಹೆದರಬೇಕಿಲ್ಲ: ಬಲ ಸ್ಟಿಕ್‌ಗೆ ಮೈಕ್ರೋಸಾಫ್ಟ್ ಸೂಚಿಸುವ ಅಳತೆಯೇ ಸ್ಟಿಕ್ ಪೂರ್ತಿ ವಾಲಿದಾಗಿನ 32767ರಲ್ಲಿ 8689, ಅಂದರೆ ಶೇ 26ಕ್ಕೂ ಹೆಚ್ಚು. ಕ್ಯಾಮೆರಾ ತಿರುಗಿಸುವ ಆಟಗಳಲ್ಲಿ ಇಷ್ಟು ಇಟ್ಟರೆ ಸೂಕ್ಷ್ಮ ಗುರಿ ಕೆಡುತ್ತದೆ, ಇಲ್ಲಿ ನಷ್ಟ ತೀರಾ ಕಡಿಮೆ. ಡೆಡ್ ಝೋನಿನ ಆಕಾರ ಮಾತ್ರ ವೃತ್ತವೇ ಇರಲಿ. ಶಿಲುಬೆಯಾಕಾರ ಇಟ್ಟರೆ ಗುರಿ ನೆಟ್ಟಗಿನ ನಾಲ್ಕು ದಿಕ್ಕಿಗೆ ಅಂಟಿಕೊಳ್ಳುತ್ತದೆ, ಓರೆಯಾಗಿ ಓಡುವ ಕಳ್ಳ ತಪ್ಪಿಸಿಕೊಳ್ಳುತ್ತಾನೆ.

ನಡುಗುವ ಸ್ಟಿಕ್ಕನ್ನು ಶುಚಿ ಮಾಡಲು ಶೇ 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಶೇ 70ರದ್ದರಲ್ಲಿ ನೀರು ಜಾಸ್ತಿ. ಬ್ಯಾಟರಿ ತೆಗೆದು, ಬುಡಕ್ಕೆ ಎರಡು ಮೂರು ಹನಿ ಬಿಟ್ಟು, ಸ್ಟಿಕ್ಕನ್ನು ಸುತ್ತಲೂ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಅರ್ಧ ಗಂಟೆ ಒಣಗಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡವೇ ಬೇಡ. ಎಣ್ಣೆ ಒಳಗೇ ಉಳಿದು ದೂಳು ಹಿಡಿಯುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಮಳೆಗಾಲದ ಆಟಿ ತಿಂಗಳ ಥಂಡಿಗೂ ಕಂಟ್ರೋಲರನ್ನು ಮೇಜಿನ ಮೇಲೆ ಬಿಡದೆ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬದಲ್ಲಿಡುವುದು ಒಳ್ಳೆಯದು.

ಸವೆದ ಕಾರ್ಬನ್ ಪಟ್ಟಿಗಾಗಲಿ ಸಡಿಲವಾದ ಸ್ಪ್ರಿಂಗಿಗಾಗಲಿ ಆಲ್ಕೋಹಾಲ್ ಮದ್ದಲ್ಲ, ಸ್ಟಿಕ್ಕನ್ನೇ ಬದಲಿಸಬೇಕು. ಸಾಮಾನ್ಯವಾಗಿ 14 ಬೆಸುಗೆ ಬಿಡಿಸಬೇಕಾದ ಕೆಲಸ, ಕೈ ಪಳಗದವರು ಬೋರ್ಡನ್ನೇ ಸುಡುತ್ತಾರೆ. ಮೊಬೈಲ್ ರಿಪೇರಿಯವರಿಗೆ ಕೊಡಿ. ಹಾಲ್ ಎಫೆಕ್ಟ್ ಸ್ಟಿಕ್ ಸಿಕ್ಕರೆ ಅದನ್ನೇ ಹಾಕಿಸಿ: ಅಯಸ್ಕಾಂತದಿಂದ ಅಳೆಯುವುದರಿಂದ ಸವೆಯಲು ಕಾರ್ಬನ್ ಪಟ್ಟಿಯೇ ಇಲ್ಲ. ಹಾಕಿಸಿದ ಮೇಲೆ ನಡುಬಿಂದುವನ್ನು ಕ್ಯಾಲಿಬ್ರೇಟ್ ಮಾಡಿಕೊಡಲು ಮರೆಯದೆ ಹೇಳಿ, ಇಲ್ಲದಿದ್ದರೆ ಹೊಸ ಸ್ಟಿಕ್ಕೂ ಮೊದಲ ದಿನವೇ ವಾಲುತ್ತದೆ.