ಬೋರ್ ನೀರು, ಕುದಿಯುವ ರೇಡಿಯೇಟರ್: ಹಳೆ ಕಾರುಗಳ ಮನೆಮದ್ದು

ಕೋಲಾರ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆರೆ ಬತ್ತಿ ಬೋರ್‌ವೆಲ್ ಬಂದ ಮೇಲೆ ಕುಡಿಯಲಿಕ್ಕೂ ಹೊಲಕ್ಕೂ ಕಾರಿನ ರೇಡಿಯೇಟರ್‌ಗೂ ಅದೇ ಗಡಸು ನೀರು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನ ಚಪ್ಪಟೆ ಕೊಳವೆಗಳಲ್ಲೂ ಕಟ್ಟುತ್ತಿತ್ತು. 1970-80ರ ದಶಕಗಳಲ್ಲಿ (ಆಗ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯೇ, ಬೇರೆಯಾದದ್ದು 2007ರಲ್ಲಿ) ಇಲ್ಲಿನ ಅಂಬಾಸಿಡರ್, ಫಿಯಟ್ ಮಾಲೀಕರ ಕೈಚಳಕವೆಲ್ಲ ಎಂಜಿನ್ ಬಿಸಿ ತಗ್ಗಿಸುವುದರ ಸುತ್ತಲೇ ಇತ್ತು.

ಮೊದಲು ಕಿತ್ತೆಸೆಯುತ್ತಿದ್ದುದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾವೇರುವ ತನಕ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಕವಾಟ. ಅಂಬಾಸಿಡರ್‌ನಲ್ಲಿ ಮೂರು ನಟ್ ಬಿಚ್ಚಿದರೆ ಕೈಗೆ ಬರುತ್ತದೆ. ಅದಿಲ್ಲದಿದ್ದರೆ ಎಂಜಿನ್ ತಣ್ಣಗಿರುತ್ತದೆಂಬ ನಂಬಿಕೆ ಅರ್ಧ ಮಾತ್ರ ನಿಜ. ಚಳಿಗಾಲದ ಬೆಳಿಗ್ಗೆ ಎಷ್ಟು ಹೊತ್ತಾದರೂ ಕಾವೇರದೆ ಚೋಕ್ (ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಎಳೆದುಕೊಂಡೇ ಓಡಿಸಬೇಕು. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ರಿಂಗ್ ಸವೆಸುತ್ತದೆ. ಕಟ್ಟಿಕೊಂಡ ಕೊಳವೆ ಮಾತ್ರ ಹಾಗೆಯೇ ಇರುವುದರಿಂದ ಏರು ಬಂದರೆ ಮತ್ತೆ ಕುದಿತ.

ನಿಜಕ್ಕೂ ಮೆಚ್ಚಬೇಕಾದ ಉಪಾಯ ಒಂದು ಲೀಟರಿನ ಪ್ಲಾಸ್ಟಿಕ್ ಆಯಿಲ್ ಡಬ್ಬದ್ದು. ರೇಡಿಯೇಟರಿನ ಕತ್ತಿನಿಂದ ನೆಲಕ್ಕೆ ಇಳಿಯುವ ಓವರ್‌ಫ್ಲೋ ಪೈಪನ್ನು ಡಬ್ಬದೊಳಕ್ಕೆ, ತಳದಿಂದ ಅರ್ಧ ಇಂಚು ಮೇಲಕ್ಕೆ ಬರುವಂತೆ ಇಳಿಸುವುದು. ಮುಚ್ಚಳದಲ್ಲಿ ಗಾಳಿಗೊಂದು ತೂತು. ಡಬ್ಬದ ಮೂರನೇ ಒಂದು ಭಾಗ ನೀರು. ಬಿಸಿಗೆ ಹಿಗ್ಗಿದ ನೀರು ಡಬ್ಬಕ್ಕೆ ಬಂದು, ಎಂಜಿನ್ ತಣಿದಾಗ ವಾಪಸ್ ಹೀರಿಕೊಳ್ಳಬೇಕು. ಹಲವರಿಗೆ ಇದು ಕೈಕೊಟ್ಟಿತು. ಕಾರಣ, ರೇಡಿಯೇಟರಿನ ಹಳೆ ಕ್ಯಾಪಿನ ಮೇಲಂಚಿಗೆ ರಬ್ಬರ್ ಇಲ್ಲ. ತಣಿಯುವಾಗ ನೀರಿನ ಬದಲು ಅಲ್ಲಿಂದ ಗಾಳಿ ನುಗ್ಗುತ್ತದೆ. ಸೈಕಲ್ ಟ್ಯೂಬಿನಿಂದ ಉಂಗುರ ಕತ್ತರಿಸಿ ಆ ಅಂಚಿನಡಿ ಕೂರಿಸಿದವರಿಗೆ ಕೆಲಸ ಆಯಿತು. ಉಂಗುರ ದಪ್ಪವಾದರೆ ಮಾತ್ರ ಕ್ಯಾಪಿನ ಕೆಳಗಿನ ಸೀಲ್ ಕೂರದೆ ಒತ್ತಡವೇ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಬಿಸಿಗೆ ರಬ್ಬರ್ ಗಟ್ಟಿಯಾಗುವುದರಿಂದ ಆಗಾಗ ಬದಲಿಸಲೂಬೇಕು. ಇಷ್ಟು ಪಾಡಿಗೆ ದೊಡ್ಡ ಲಾಭವಿದೆ: ಹೊಸ ನೀರು ಸೇರದಿದ್ದರೆ ಹೊಸ ಸುಣ್ಣವೂ ಸೇರದು. ಮೊದಲ ಭರ್ತಿಗೆ ಮಳೆನೀರು ಹಾಕಿದರೆ ಇನ್ನೂ ಒಳ್ಳೆಯದು.

ಕಟ್ಟಿದ ಸುಣ್ಣ ತೆಗೆಯಲು ಟಾಯ್ಲೆಟ್ ಆಸಿಡ್ ಸುರಿದವರು ರೇಡಿಯೇಟರನ್ನೇ ಕಳೆದುಕೊಂಡರು. ಅದು ಹಿತ್ತಾಳೆಯನ್ನೂ ಬೆಸುಗೆಯನ್ನೂ ತಿನ್ನುತ್ತದೆ. ವಾಷಿಂಗ್ ಸೋಡಾ ಜಿಡ್ಡು, ಕೆಸರು ಬಿಡಿಸುತ್ತದೆಯೇ ಹೊರತು ಸುಣ್ಣ ಕರಗಿಸುವುದಿಲ್ಲ. ಅಂಬಾಸಿಡರಿನ ಬೀಡುಕಬ್ಬಿಣದ ಹೆಡ್ ಅದನ್ನು ತಾಳುತ್ತದೆ, ಫಿಯಟ್‌ನ ಅಲ್ಯೂಮಿನಿಯಂ ಹೆಡ್ ತಾಳದು. ಭರವಸೆಯ ದಾರಿ ಒಂದೇ: ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ತೆಗೆದು, ತೆಳು ಉಕ್ಕಿನ ಪಟ್ಟಿಯನ್ನು ಒಂದೊಂದೇ ಕೊಳವೆಗೆ ಆಡಿಸುವುದು.

1,478 ಮೀಟರ್ ಎತ್ತರದ ನಂದಿಬೆಟ್ಟದ ತಿರುವುಗಳಲ್ಲಿ ಫಿಯಟ್ ನಿಂತರೆ ತಪ್ಪು ಎಷ್ಟೋ ಸಲ ಪೆಟ್ರೋಲಿನದು. ಎಂಜಿನ್ ಪಕ್ಕದ ಪಂಪು ಟ್ಯಾಂಕಿನಿಂದ ಹೀರುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಬಿಸಿಯೂ ಸೇರಿ ಪೆಟ್ರೋಲ್ ಆವಿಯಾಗುತ್ತದೆ. ಪಂಪಿಗೆ ಆವಿ ಎತ್ತಲು ಬಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿದರೆ ಅದು ಒಣಗುವ ತನಕ ಗಾಡಿ ಏರುತ್ತಿತ್ತು. ಖಾಯಂ ಪರಿಹಾರ ಟ್ಯಾಂಕಿನ ಬಳಿಯೇ ಎಲೆಕ್ಟ್ರಿಕ್ ಪಂಪ್. ಅಲ್ಲಿಂದ ದೂಡಿದ ಪೆಟ್ರೋಲ್ ಸುಲಭಕ್ಕೆ ಆವಿಯಾಗದು. ಆದರೆ ಒತ್ತಡ ಅತಿಯಾದರೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ನೀಡಲ್ ತಡೆಯದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಅದು ಬೆಂಕಿಗೆ ಕೊಟ್ಟ ಆಹ್ವಾನ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಎಲೆಕ್ಟ್ರಿಕ್ ಫ್ಯಾನನ್ನು ಅಂಬಾಸಿಡರ್‌ಗೂ ಕೂರಿಸಿಕೊಂಡವರಿದ್ದಾರೆ. 90 ವ್ಯಾಟಿನ ಫ್ಯಾನ್ ಏಳೂವರೆ ಆಂಪಿಯರ್ ಎಳೆಯುತ್ತದೆ, ಎರಡು ಹೆಡ್‌ಲೈಟೂ ಹೆಚ್ಚುಕಡಿಮೆ ಅಷ್ಟೇ. ಹಳೆ ಡೈನಮೊ ಐಡ್ಲಿಂಗಿನಲ್ಲಿ ಚಾರ್ಜೇ ಮಾಡದು, ಫ್ಯಾನ್ ಬೇಕಾಗುವುದೂ ಆಗಲೇ. ಆದ್ದರಿಂದ ಮೊದಲು ಐಡ್ಲಿಂಗಿನಲ್ಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಬೇಕು. ಅದಕ್ಕೂ ಮೊದಲು ಗಾಡಿಯ ಲೋಹದ ಮೈಗೆ ಜೋಡಿಸಿರುವುದು ಬ್ಯಾಟರಿಯ ಪ್ಲಸ್ಸೋ ಮೈನಸ್ಸೋ ನೋಡಬೇಕು: ತೀರ ಹಳೆಯ ಗಾಡಿಗಳಲ್ಲಿ ಮೈಗೆ ಪ್ಲಸ್ಸೇ ಇರುತ್ತದೆ, ಹಾಗೆಯೇ ಜೋಡಿಸಿದರೆ ಆಲ್ಟರ್ನೇಟರಿನ ಡಯೋಡುಗಳು ಆ ಕ್ಷಣವೇ ಸುಟ್ಟುಹೋಗುತ್ತವೆ.